ಒಂದು ಊರಿನ ಸ್ಯಾಪರ್‌ಗಳು

ಆ ತುಕಡಿಯ ಪೂರ್ತಿ ಹೆಸರು ರಾಯಲ್ ಇಂಜಿನಿಯರ್ಸ್‌ನ 1/3ನೇ ಕೆಂಟ್ ಫೀಲ್ಡ್ ಕಂಪನಿ. ಹೆಸರಿನ ಮುಂದಿರುವ ಅಂಕಿಯನ್ನು ಮೂರನೇ ಒಂದು ಭಾಗ ಎಂದು ಓದಬಾರದು. ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಮೂರನೆಯ ಫೀಲ್ಡ್ ಕಂಪನಿ, ಅದರ ಮೊದಲ ಸಾಲು ಎಂದು ಅರ್ಥ. ಮೊದಲ ಸಾಲಿನವರು ಕಡಲು ದಾಟಿ ಯುದ್ಧಕ್ಕೆ ಹೋಗುತ್ತಾರೆ. ಎರಡನೆಯ ಸಾಲಿನವರು ಊರಲ್ಲೇ ಉಳಿದು, ಹೊಸಬರನ್ನು ತಯಾರು ಮಾಡಿ, ಮೊದಲ ಸಾಲಿನಲ್ಲಿ ಬಿದ್ದವರ ಜಾಗ ತುಂಬಲು ಕಳಿಸುತ್ತಾರೆ. ಇಷ್ಟು ಜನ ಹೋಗುತ್ತಾರೆ, ಅವರಲ್ಲಿ ಇಷ್ಟು ಜನ ಬೀಳುತ್ತಾರೆ ಎಂಬ ಲೆಕ್ಕ ತುಕಡಿಗೆ ಹೆಸರಿಡುವಾಗಲೇ ಸೇರಿಹೋಗಿತ್ತು. 1915ರ ಅಕ್ಟೋಬರ್ 28ರ ರಾತ್ರಿ ಈ ಕಂಪನಿಗೆ ಆದದ್ದು ಮಾತ್ರ ಯಾರ ಲೆಕ್ಕಕ್ಕೂ ಸಿಗುವಂಥದ್ದಾಗಿರಲಿಲ್ಲ.

ಮೊದಲು, ಇವರು ಯಾರು ಎಂಬುದನ್ನು ಹೇಳಬೇಕು. ಬ್ರಿಟನ್ನಿನ ಯುದ್ಧಮಂತ್ರಿಯಾಗಿದ್ದ ಹಾಲ್ಡೇನ್ 1908ರಲ್ಲಿ ಟೆರಿಟೋರಿಯಲ್ ಫೋರ್ಸ್ ಎಂಬ ಪಡೆಯನ್ನು ಕಟ್ಟಿದರು. ವಾರವಿಡೀ ತಮ್ಮ ಕಸುಬು ಮಾಡಿಕೊಂಡಿದ್ದು, ಸಂಜೆ ಹೊತ್ತು ಊರಿನ ಡ್ರಿಲ್ ಹಾಲ್‌ನಲ್ಲಿ ಕವಾಯತು ಮಾಡಿ, ವರ್ಷಕ್ಕೊಮ್ಮೆ ಹದಿನೈದು ದಿನ ಕ್ಯಾಂಪಿಗೆ ಹೋಗುವವರ ಪಡೆ ಅದು. ಸ್ವತಂತ್ರ ಭಾರತ 1949ರಲ್ಲಿ ಕಟ್ಟಿದ ಟೆರಿಟೋರಿಯಲ್ ಆರ್ಮಿ, ಅಂದರೆ ನಮ್ಮ ಪ್ರಾದೇಶಿಕ ಸೇನೆ, ಇದೇ ಬಗೆಯದು. ಕ್ರಿಕೆಟಿಗ ಧೋನಿ ಗೌರವ ಲೆಫ್ಟಿನೆಂಟ್ ಕರ್ನಲ್ ಆಗಿರುವುದು ಈ ಸೇನೆಯಲ್ಲಿ. ಬ್ರಿಟನ್ನಿನ ಟೆರಿಟೋರಿಯಲ್‌ಗಳು ಸೇರುವಾಗ ಒಪ್ಪಿಕೊಂಡ ಕರಾರು ಸ್ವದೇಶದ ರಕ್ಷಣೆಗೆ ಮಾತ್ರ. ಹೊರದೇಶಕ್ಕೆ ಹೋಗು ಎಂದು ಅವರನ್ನು ಬಲವಂತ ಮಾಡುವಂತಿರಲಿಲ್ಲ. 1914ರ ಆಗಸ್ಟಿನಲ್ಲಿ ಯುದ್ಧ ಶುರುವಾದಾಗ ಸರ್ಕಾರ ಅವರನ್ನು ಕೇಳಿತು: ಬರುತ್ತೀರಾ? ಬಹಳ ಜನ ಬರುತ್ತೇವೆ ಎಂದು ಸಹಿ ಹಾಕಿದರು. ಈ ಸಹಿಯನ್ನು ನಾವು ಮರೆಯಬಾರದು. ಮುಂದೆ ನಡೆದದ್ದೆಲ್ಲ ಹೋಗಲೇಬೇಕಾಗಿರದಿದ್ದ ಜನರಿಗೆ ನಡೆದದ್ದು.

ಇನ್ನು ಸ್ಯಾಪರ್ ಎಂಬ ಮಾತು. ಬೆಂಗಳೂರಿನವರಿಗೆ ಇದರ ಪರಿಚಯ ಮಾಡಿಕೊಡಬೇಕಾಗಿಲ್ಲ. ಹಲಸೂರು ಕೆರೆಯ ಕಡೆ ಓಡಾಡಿದವರೆಲ್ಲ ಮದ್ರಾಸ್ ಸ್ಯಾಪರ್ಸ್ ಎಂಬ ಬೋರ್ಡು ನೋಡಿರುತ್ತಾರೆ. 1780ರಲ್ಲಿ ಹುಟ್ಟಿದ ಆ ಪಡೆ 1834ರಿಂದ ಬೆಂಗಳೂರಿನಲ್ಲೇ ನೆಲೆ ನಿಂತಿದೆ, ಅದರ ಜವಾನರನ್ನು ಸೇನೆಯಲ್ಲಿ ಪ್ರೀತಿಯಿಂದ 'ತಂಬಿ' ಎನ್ನುತ್ತಾರೆ. ಹಳೆಯ ಕಾಲದಲ್ಲಿ ಕೋಟೆಗೆ ಮುತ್ತಿಗೆ ಹಾಕಿದಾಗ ಗುಂಡಿನ ಮಳೆಯಡಿ ಬಾಗಿಕೊಂಡು ಕೋಟೆಗೋಡೆಯವರೆಗೆ ಕಂದಕ ತೋಡಿಕೊಂಡು ಹೋಗುವವನೇ ಸ್ಯಾಪರ್. ಫ್ರೆಂಚರು ಆ ಕಂದಕವನ್ನು ಸಾಪ್ ಎಂದು ಕರೆಯುತ್ತಿದ್ದರು. ಕೋಟೆಗಳ ಕಾಲ ಮುಗಿಯಿತು, ಕೆಲಸ ಉಳಿಯಿತು. ಸೇತುವೆ ಕಟ್ಟುವುದು, ಶತ್ರುವಿನ ಸೇತುವೆ ಉರುಳಿಸುವುದು, ರಸ್ತೆ ಹಾಕುವುದು, ಬಾವಿ ತೋಡುವುದು, ದಕ್ಕೆ ಕಟ್ಟುವುದು, ಮುಳ್ಳುತಂತಿ ಹಾಕುವುದು, ಹಾಕಿದ್ದನ್ನು ಹಾರಿಸುವುದು. ತಂತಿಬೇಲಿಯ ಅಡಿಗೆ ತೂರಿಸಿ ಸಿಡಿಸುವ, ಒಂದಕ್ಕೊಂದು ಜೋಡಿಸುತ್ತ ಹೋಗಬಹುದಾದ ಸಿಡಿಮದ್ದಿನ ಕೊಳವೆಗೆ ಇವತ್ತಿಗೂ ಜಗತ್ತಿನ ಸೇನೆಗಳಲ್ಲಿ 'ಬ್ಯಾಂಗಲೋರ್ ಟಾರ್ಪಿಡೊ' ಎಂದೇ ಹೆಸರು. 1912ರಲ್ಲಿ ಅದನ್ನು ರೂಪಿಸಿದ ಮೆಕ್ಲಿಂಟಾಕ್, ಬೆಂಗಳೂರಿನ ಈ ಸ್ಯಾಪರ್ ಪಡೆಯ ಕ್ಯಾಪ್ಟನ್.

ಹಾಗಾಗಿ ಇಂಜಿನಿಯರ್ ಕಂಪನಿಗೆ ಬೇಕಾದವರು ಬರೀ ಬಂದೂಕು ಹಿಡಿಯುವವರಲ್ಲ. ಬಡಗಿಗಳು, ಕಮ್ಮಾರರು, ಗಾರೆಯವರು, ನಲ್ಲಿ ಕೆಲಸದವರು ಬೇಕು. ಆ ಕೈಗೆಲಸವನ್ನು ಸೇನೆ ಮೂರು ತಿಂಗಳಲ್ಲಿ ಕಲಿಸಲಾರದು. ಅದು ಊರಲ್ಲಿ, ಅಪ್ಪನ ಪಕ್ಕ ನಿಂತು, ವರ್ಷಗಟ್ಟಲೆ ಮಾಡಿ ಬಂದಿರಬೇಕು. ಮೀಸಲು ಇಂಜಿನಿಯರ್ ಪಡೆಯ ಬಲ ಇರುವುದು ಇಲ್ಲೇ. ಟನ್‌ಬ್ರಿಜ್ ವೆಲ್ಸ್, ಸೌತ್‌ಬರೊ, ಹೈ ಬ್ರೂಮ್ಸ್ ಎಂಬ ಅಕ್ಕಪಕ್ಕದ ಊರುಗಳಿಂದ ಈ ಕಂಪನಿಗೆ ಜನ ಬಂದರು. ಹೈ ಬ್ರೂಮ್ಸ್ ಇಟ್ಟಿಗೆ ಸುಡುವುದಕ್ಕೆ ಹೆಸರಾದ ಊರು. ಒಂದೇ ಬೀದಿಯವರು, ಒಂದೇ ಗೂಡಿನಲ್ಲಿ ಕೆಲಸ ಮಾಡಿದವರು, ಅಣ್ಣತಮ್ಮಂದಿರು, ಷಡ್ಡಕರು ಒಟ್ಟಿಗೆ ಸೇರಿಕೊಳ್ಳುವುದು ಇಂಥ ಕಂಪನಿಗಳಲ್ಲಿ ಸಾಮಾನ್ಯವಾಗಿತ್ತು.

ಕಂಪನಿಯ ನಾಯಕ ಕ್ಯಾಪ್ಟನ್ ಡೇವಿಡ್ ರೆಜಿನಾಲ್ಡ್ ಸಾಲೊಮನ್ಸ್. ವಯಸ್ಸು ಮೂವತ್ತು. ಅಲ್ಲಿಯೇ ಪಕ್ಕದಲ್ಲಿದ್ದ ಬ್ರೂಮ್‌ಹಿಲ್ ಬಂಗಲೆಯ ಒಬ್ಬನೇ ಮಗ. ಈ ಮನೆತನದ ಕಥೆಯೇ ಒಂದು ಪುಸ್ತಕಕ್ಕಾಗುವಷ್ಟಿದೆ. 1855ರಲ್ಲಿ ಲಂಡನ್ನಿನ ಲಾರ್ಡ್ ಮೇಯರ್ ಆದ ಮೊದಲ ಯಹೂದಿ ಈ ಮನೆಯವರು. ಕ್ಯಾಪ್ಟನ್ನನ ತಂದೆ ಸರ್ ಡೇವಿಡ್ ಲಯೊನೆಲ್ ಸಾಲೊಮನ್ಸ್‌ಗೆ ವಿದ್ಯುತ್ತು, ಯಂತ್ರ, ಗಡಿಯಾರ ಎಂದರೆ ಪ್ರಾಣ. 1895ರಲ್ಲಿ ಟನ್‌ಬ್ರಿಜ್ ವೆಲ್ಸ್‌ನಲ್ಲಿ ಅವರು ಏರ್ಪಡಿಸಿದ್ದು ಬ್ರಿಟನ್ನಿನ ಮೊದಲ ಮೋಟಾರು ಪ್ರದರ್ಶನ. ಫ್ರಾನ್ಸಿನ ರಾಣಿ ಮರಿ ಆಂತ್ವಾನೆತ್‌ಗಾಗಿ ಮಾಡಿಸಿದ್ದೆಂಬ ಬ್ರೆಗೆ ಗಡಿಯಾರ ಅವರ ಸಂಗ್ರಹದಲ್ಲಿತ್ತು. ಅಷ್ಟು ಸಿರಿವಂತರ ಮಗ ಬೇಕಿದ್ದರೆ ಲಂಡನ್ನಿನಲ್ಲಿ ಕುರ್ಚಿ ಹಿಡಿದು ಕೂರಬಹುದಿತ್ತು. ತನ್ನೂರಿನ ಬಡಗಿ, ಗಾರೆಯವರ ಜೊತೆ ಹಡಗು ಹತ್ತಿದ.

ಹಡಗು ಹೋಗುತ್ತಿದ್ದದ್ದು ಗಾಲಿಪೊಲಿಗೆ. ತುರ್ಕಿಯ ಡಾರ್ಡನೆಲ್ಸ್ ಜಲಸಂಧಿಯ ಪಕ್ಕದ ಆ ನಾಲಿಗೆಯಂಥ ನೆಲಕ್ಕೆ ಬ್ರಿಟಿಷರೂ ಫ್ರೆಂಚರೂ 1915ರ ಏಪ್ರಿಲ್ 25ರಂದು ಸೈನ್ಯ ಇಳಿಸಿದ್ದರು. ಆರು ತಿಂಗಳಾದರೂ ಕೆಲವು ಮೈಲಿಗಿಂತ ಒಳಗೆ ಹೋಗಲಾಗಿರಲಿಲ್ಲ. ಬಂದರಿಲ್ಲ, ಕುಡಿಯುವ ನೀರು ಸಾಲದೆ ಹಡಗುಗಳಲ್ಲಿ ದೂರದ ಈಜಿಪ್ಟಿನಿಂದ ತರಬೇಕು. ನದಿಯ ಹೆಸರು ಹೊತ್ತ 'ರಿವರ್ ಕ್ಲೈಡ್' ಎಂಬ ಹಡಗನ್ನು ದಡಕ್ಕೆ ಹತ್ತಿಸಿ, ಅದನ್ನೇ ದಕ್ಕೆಯ ಹಾಗೆ ಬಳಸುತ್ತಿದ್ದರು. ಇಂಥ ಕಡೆ ಕಾಲಾಳುಗಳಿಗಿಂತ ಮೊದಲು ಬೇಕಾಗುವವನು ಬಾವಿ ತೋಡುವವನು, ಮರ ಕೊಯ್ಯುವವನು. ಕೆಂಟ್‌ನವರನ್ನು ಕರೆಸಿದ್ದು ಅದಕ್ಕೆ.

ಮೇ ತಿಂಗಳಲ್ಲಿ ಜರ್ಮನಿಯ ಯು-21 ಜಲಾಂತರ್ಗಾಮಿ ಎರಡು ದಿನಗಳ ಅಂತರದಲ್ಲಿ ಟ್ರಯಂಫ್, ಮೆಜೆಸ್ಟಿಕ್ ಎಂಬ ಎರಡು ಭಾರೀ ಯುದ್ಧನೌಕೆಗಳನ್ನು ಅದೇ ಕಡಲಲ್ಲಿ ಮುಳುಗಿಸಿತ್ತು. ಅಂದಿನಿಂದ ದೊಡ್ಡ ಹಡಗುಗಳು ಲೆಮ್ನಾಸ್ ದ್ವೀಪದ ಮುದ್ರೋಸ್ ಬಂದರಿನಲ್ಲೇ ನಿಲ್ಲುತ್ತಿದ್ದವು. ಅಲ್ಲಿಂದ ಮುಂದಕ್ಕೆ ಸೈನಿಕರನ್ನು ಸಣ್ಣ ಹಡಗುಗಳಲ್ಲಿ, ಕತ್ತಲಾದ ಮೇಲೆ, ದೀಪ ಆರಿಸಿಕೊಂಡು ಸಾಗಿಸಬೇಕು. ಕೆಂಟ್ ಕಂಪನಿ ಏರಿದ ಹಡಗು 'ಹೈತ್'. ಯುದ್ಧಕ್ಕೆ ಮುಂಚೆ ಅದು ಇಂಗ್ಲಿಷ್ ಕಾಲುವೆಯ ಆಚೀಚೆ ಸರಕು ಸಾಗಿಸುತ್ತಿದ್ದ ರೈಲ್ವೆ ಕಂಪನಿಯೊಂದರ ಪುಟ್ಟ ಹಡಗು. ಸುಮಾರು 500 ಟನ್ ತೂಕದ್ದು. ಅವರ ಊರಿಗೆ ರೈಲು ಓಡಿಸುತ್ತಿದ್ದ ಕಂಪನಿಯೂ ಅದೇ. ಅಂದರೆ ತಮ್ಮೂರ ಸ್ಟೇಷನ್ನಿನಲ್ಲಿ ದಿನವೂ ಕಾಣುತ್ತಿದ್ದ ಹೆಸರಿನ ಕಂಪನಿಯ ಹಡಗಿನಲ್ಲಿಯೇ ಅವರ ಕೊನೆಯ ಪ್ರಯಾಣ.

ಅಕ್ಟೋಬರ್ 28ರ ಸಂಜೆ ಹೈತ್ ಮುದ್ರೋಸ್ ಬಿಟ್ಟಿತು. ಕಂಪನಿಯವರೇ ಇನ್ನೂರಕ್ಕೂ ಹೆಚ್ಚು ಜನ, ಜೊತೆಗೆ ಬೇರೆ ತುಕಡಿಗಳ ಕೆಲವರು. ಕಾಲಿಡಲು ಜಾಗವಿಲ್ಲದ ಡೆಕ್ಕಿನ ಮೇಲೆ ಸಾಮಾನು, ಮನುಷ್ಯರು ಒಟ್ಟೊಟ್ಟಿಗೆ. ಕೆಲವೇ ಗಂಟೆಗಳ ಹಾದಿ ಅದು, ರಾತ್ರಿ ಎಂಟರ ಹೊತ್ತಿಗೆ ಗಾಲಿಪೊಲಿಯ ತುದಿಯ ಕೇಪ್ ಹೆಲ್ಲೆಸ್ ಹತ್ತಿರವಾಗಿತ್ತು. ಆಗ ಎದುರಿನಿಂದ 'ಸಾರ್ನಿಯಾ' ಬಂತು. ಅದೂ ಮೊದಲು ರೈಲ್ವೆ ಕಂಪನಿಯ ಪ್ರಯಾಣಿಕರ ಹಡಗು, ಹೈತ್‌ನ ಮೂರರಷ್ಟು ದೊಡ್ಡದು, ಸೈನಿಕರನ್ನು ಇಳಿಸಿ ಬರಿದಾಗಿ ಹಿಂದಿರುಗುತ್ತಿತ್ತು. ಎರಡರಲ್ಲೂ ದೀಪವಿಲ್ಲ. ಒಂದು ಇನ್ನೊಂದನ್ನು ಕಂಡದ್ದು ತಪ್ಪಿಸಿಕೊಳ್ಳಲಾಗದಷ್ಟು ಹತ್ತಿರ ಬಂದಾಗ. ಸಾರ್ನಿಯಾದ ಮೂತಿ ಹೈತ್‌ನ ಎಡ ಮಗ್ಗುಲನ್ನು ಸೀಳಿಕೊಂಡು ಒಳಹೊಕ್ಕಿತು. ಹತ್ತು ನಿಮಿಷದಲ್ಲಿ ಹೈತ್ ಕಡಲಡಿಗೆ ಹೋಯಿತು.

ಸತ್ತವರು ನೂರೈವತ್ತಕ್ಕೂ ಹೆಚ್ಚು. ಅವರಲ್ಲಿ ಸುಮಾರು 130 ಜನ ಈ ಒಂದೇ ಕಂಪನಿಯವರು. ಯುದ್ಧಭೂಮಿಯ ಮೇಲೆ ಒಂದು ಹೆಜ್ಜೆ ಇಟ್ಟಿರಲಿಲ್ಲ, ಒಂದು ಗುಂಡು ಹಾರಿಸಿರಲಿಲ್ಲ, ಒಂದು ಗುದ್ದಲಿ ಮಣ್ಣು ತೆಗೆದಿರಲಿಲ್ಲ. ಕೊಂದದ್ದು ಶತ್ರುವೂ ಅಲ್ಲ. ಕ್ಯಾಪ್ಟನ್ ಸಾಲೊಮನ್ಸ್ ತನ್ನ ಹುಡುಗರನ್ನು ಬಿಟ್ಟು ಹಡಗಿನಿಂದ ಇಳಿಯಲಿಲ್ಲವೆಂದೂ, ತನ್ನ ಲೈಫ್ ಬೆಲ್ಟನ್ನು ಇನ್ನೊಬ್ಬನಿಗೆ ಕೊಟ್ಟನೆಂದೂ ಆ ಊರಲ್ಲಿ ಇವತ್ತಿಗೂ ಹೇಳುತ್ತಾರೆ. ಅವನ ದೇಹ ಸಿಗಲಿಲ್ಲ. ತಂದೆ ಇನ್ನೂ ಹತ್ತು ವರ್ಷ ಬದುಕಿ 1925ರಲ್ಲಿ ತೀರಿಕೊಂಡರು, ವಾರಸುದಾರನಿಲ್ಲದೆ ಮನೆತನದ 'ಸರ್' ಬಿರುದು ಅಲ್ಲಿಗೇ ನಿಂತಿತು. ಮಗಳು ವೆರಾ ಬಂಗಲೆಯನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟರು, ಗಡಿಯಾರಗಳು ಜೆರುಸಲೇಮಿನ ಮ್ಯೂಸಿಯಮ್ಮಿಗೆ ಹೋದವು.

ದಿನಾಂಕಗಳನ್ನು ಸಾಲಾಗಿಟ್ಟು ನೋಡಿದಾಗ ಸಂಕಟವಾಗುತ್ತದೆ. ಗಾಲಿಪೊಲಿಯ ದಂಡನಾಯಕ ಇಯಾನ್ ಹ್ಯಾಮಿಲ್ಟನ್‌ರನ್ನು ಅದೇ ತಿಂಗಳ ನಡುವಿನಲ್ಲಿ ತೆಗೆದುಹಾಕಿದ್ದರು. ಅವರ ಜಾಗಕ್ಕೆ ಚಾರ್ಲ್ಸ್ ಮನ್ರೋ ಬಂದು ಅಧಿಕಾರ ವಹಿಸಿಕೊಂಡದ್ದು ಹೈತ್ ಮುಳುಗಿದ ವಾರದಲ್ಲೇ. ದಂಡೆಗಳನ್ನು ಒಂದು ಸುತ್ತು ನೋಡಿ, ಅಕ್ಟೋಬರ್ ಮುಗಿಯುವುದರೊಳಗೆ, ಇಲ್ಲಿಂದ ಹೊರಟುಬಿಡುವುದೇ ಸರಿ ಎಂದು ಅವರು ಲಂಡನ್ನಿಗೆ ಬರೆದರು. ಕೊನೆಯ ಸೈನಿಕ ಹೆಲ್ಲೆಸ್ ಬಿಟ್ಟದ್ದು 1916ರ ಜನವರಿ 9ರಂದು. ಬಿಟ್ಟುಹೋಗಲಿದ್ದ ನೆಲದಲ್ಲಿ ಬಾವಿ ತೋಡಲು ಕೆಂಟ್‌ನ ಗಾರೆಯವರನ್ನು ಅಷ್ಟು ದೂರದಿಂದ ತರಿಸಿದ್ದರು. ಯುದ್ಧದಲ್ಲಿ ಒಂದು ಕೈ ಮಾಡುವುದು ಇನ್ನೊಂದು ಕೈಗೆ ಗೊತ್ತಾಗುವಷ್ಟರಲ್ಲಿ ಹಡಗು ಹೊರಟಿರುತ್ತದೆ.

ನೂರಮೂವತ್ತು ಸಾವು ಎಂದರೆ ಆ ಯುದ್ಧದ ಲೆಕ್ಕದಲ್ಲಿ ದೊಡ್ಡದಲ್ಲ. 1916ರ ಜುಲೈ 1ರಂದು ಫ್ರಾನ್ಸಿನ ಸೋಮ್ ನದಿಯ ಬಳಿ ಬ್ರಿಟಿಷರ ಸುಮಾರು 19,000 ಜನ ಒಂದೇ ದಿನ ಸತ್ತರು. ಆದರೆ ಕಾಯಂ ಸೇನೆಯ ಪಡೆಯೊಂದರಲ್ಲಿ ಅಷ್ಟು ಜನ ಹೋದರೆ ಆ ನೋವು ಹತ್ತಾರು ಜಿಲ್ಲೆಗಳಿಗೆ ಹಂಚಿಹೋಗುತ್ತದೆ. ಊರಿಗೊಂದು ತಂತಿ ಬರುತ್ತದೆ, ಆ ಮನೆಯ ಮುಂದೆ ಊರು ಸೇರುತ್ತದೆ, ಸಮಾಧಾನ ಹೇಳುತ್ತದೆ. ಮೀಸಲು ಪಡೆಯಲ್ಲಿ ಹಾಗಲ್ಲ. ಒಂದು ರಾತ್ರಿಯ ಸಾವು ನಾಲ್ಕಾರು ಬೀದಿಗಳ ಮೇಲೆ ಬೀಳುತ್ತದೆ. ಆಗ ಯಾರು ಯಾರ ಮನೆಗೆ ಹೋಗಿ ಸಮಾಧಾನ ಹೇಳಬೇಕು? ಹೈ ಬ್ರೂಮ್ಸ್‌ನ ಸೇಂಟ್ ಮ್ಯಾಥ್ಯೂ ಚರ್ಚಿನಲ್ಲಿ ಹೈತ್‌ನವರ ಸ್ಮಾರಕವಿದೆ. ಅಂಥ ಸ್ಮಾರಕದ ಹೆಸರುಗಳನ್ನು ಓದುವಾಗ ಒಂದೇ ಮನೆತನದ ಹೆಸರು ಕೆಳಗೆ ಮತ್ತೆ ಬಂತೇ ಎಂದು ಕಣ್ಣು ಹುಡುಕತೊಡಗುತ್ತದೆ.

ಇದು ಹಳೆಯ ಕಾಲದ ಮಾತು, ಇವತ್ತು ಹೀಗಾಗದು ಎಂದುಕೊಳ್ಳುವವರಿಗೆ 1991ರ ಫೆಬ್ರವರಿ 25ನ್ನು ನೆನಪಿಸಬೇಕು. ಕುವೈತ್ ಯುದ್ಧದ ಕಾಲ. ಅಮೆರಿಕದ ಪೆನ್ಸಿಲ್ವೇನಿಯಾದ ಗ್ರೀನ್ಸ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ ನೆಲೆಯಿದ್ದ ಮೀಸಲು ತುಕಡಿಯೊಂದು, 14ನೇ ಕ್ವಾರ್ಟರ್‌ಮಾಸ್ಟರ್ ಡಿಟ್ಯಾಚ್‌ಮೆಂಟ್, ಸೌದಿ ಅರೇಬಿಯಾದ ದಹ್ರಾನ್‌ಗೆ ಬಂದು ಆರು ದಿನವಾಗಿತ್ತು. ಹೆಸರಿಗೆ ಅದು ಇಂಜಿನಿಯರ್ ದಳವಲ್ಲ, ಸರಬರಾಜು ವಿಭಾಗದ್ದು, ಆದರೆ ಮಾಡುತ್ತಿದ್ದದ್ದು ಸ್ಯಾಪರ್‌ಗಳು ಗಾಲಿಪೊಲಿಯಲ್ಲಿ ಮಾಡಬೇಕಿದ್ದ ಕೆಲಸವನ್ನೇ. ಸೈನಿಕರಿಗೆ ಕುಡಿಯುವ ನೀರು ಶುದ್ಧಮಾಡಿ ಕೊಡುವುದು. ಒಟ್ಟು 69 ಜನ, ಗಂಡಸರೂ ಹೆಂಗಸರೂ. ಗೋದಾಮೊಂದನ್ನು ಬ್ಯಾರಕ್ಕಾಗಿ ಮಾಡಿ ಅವರನ್ನೂ ಬೇರೆಯವರನ್ನೂ ಇಳಿಸಿದ್ದರು. ರಾತ್ರಿ ಇರಾಕಿನ ಸ್ಕಡ್ ಕ್ಷಿಪಣಿ ನೇರ ಅದರ ಮೇಲೆ ಬಿತ್ತು. ಸತ್ತ 28 ಜನರಲ್ಲಿ 13 ಜನ ಗ್ರೀನ್ಸ್‌ಬರ್ಗ್ ತುಕಡಿಯವರು. ಅದೇ ತುಕಡಿಯ 43 ಜನಕ್ಕೆ ಗಾಯ. ಮೂರು ದಿನ ಕಳೆದು, 28ರಂದು, ಯುದ್ಧ ನಿಂತಿತು.

ಆ ಕ್ಷಿಪಣಿಯನ್ನು ಹೊಡೆದುರುಳಿಸಲು ದಹ್ರಾನ್‌ನಲ್ಲಿ ಪೇಟ್ರಿಯಟ್ ಎಂಬ ಪ್ರತಿಕ್ಷಿಪಣಿಯ ಕಾವಲಿತ್ತು. ಅದು ಹಾರಲೇ ಇಲ್ಲ. ಕಾರಣ ತಿಳಿದುಕೊಳ್ಳುವಂಥದ್ದು, ಸಾಫ್ಟ್‌ವೇರ್ ಊರಿನಲ್ಲಿ ಬದುಕುವ ನಮಗಂತೂ. ಪೇಟ್ರಿಯಟ್‌ನ ಕಂಪ್ಯೂಟರ್ ಕಾಲವನ್ನು ಸೆಕೆಂಡಿನ ಹತ್ತನೇ ಒಂದು ಭಾಗದಂತೆ ಎಣಿಸುತ್ತಿತ್ತು. ಮೂರನೇ ಒಂದನ್ನು ನಾವು ದಶಮಾಂಶದಲ್ಲಿ ಬರೆಯಹೊರಟರೆ 0.333 ಎಂದು ಮುಗಿಯದೆ ಹೋಗುತ್ತದಲ್ಲ, ಸೊನ್ನೆ ಮತ್ತು ಒಂದು ಮಾತ್ರ ಇರುವ ಕಂಪ್ಯೂಟರಿನ ದ್ವಿಮಾನದಲ್ಲಿ ಹತ್ತನೇ ಒಂದೂ ಹಾಗೇ ಮುಗಿಯುವುದಿಲ್ಲ. 24 ಬಿಟ್‌ಗಳಲ್ಲಿ ಹಿಡಿಸಿದಷ್ಟನ್ನು ಇಟ್ಟುಕೊಂಡು ಬಾಲವನ್ನು ಕತ್ತರಿಸಿದ್ದರು. ಆ ಬಾಲ ಎಷ್ಟು ಸಣ್ಣದೆಂದರೆ ಒಂದು ಗಂಟೆ ಯಂತ್ರ ಓಡಿದರೆ ಏನೂ ಆಗದು. ಆದರೆ ದಹ್ರಾನ್‌ನ ಆ ಯಂತ್ರವನ್ನು ಆರಿಸದೆ ನೂರು ಗಂಟೆ ಓಡಿಸಿದ್ದರು. ತಪ್ಪು ಬೆಳೆದು ಬೆಳೆದು ಸುಮಾರು 0.34 ಸೆಕೆಂಡ್ ಆಗಿತ್ತು. ಸೆಕೆಂಡಿಗೆ ಒಂದೂವರೆ ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಬರುವ ಸ್ಕಡ್ ಅಷ್ಟು ಹೊತ್ತಿನಲ್ಲಿ ಅರ್ಧ ಕಿಲೋಮೀಟರಿಗಿಂತ ದೂರ ಹೋಗಿಬಿಡುತ್ತದೆ. ರಾಡಾರ್ ಅದನ್ನು ಮೊದಲು ಕಂಡಿತು. ಮುಂದೆ ಎಲ್ಲಿರಬೇಕೆಂದು ಲೆಕ್ಕ ಹಾಕಿ, ಆಕಾಶದ ಆ ಕಿಟಕಿಯಲ್ಲಿ ಹುಡುಕಿತು. ಅಲ್ಲಿ ಏನೂ ಇರಲಿಲ್ಲ. ಸುಳ್ಳು ಸುಳಿವು ಎಂದು ಬಿಟ್ಟುಬಿಟ್ಟಿತು.

ಪೇಟ್ರಿಯಟ್ ಬಳಸುತ್ತಿದ್ದ ಇಸ್ರೇಲಿನವರು ಎರಡು ವಾರ ಮುಂಚೆಯೇ ಹೇಳಿದ್ದರು, ಎಂಟು ಗಂಟೆ ಓಡಿದರೇ ಗುರಿ ಸರಿಯತೊಡಗುತ್ತದೆ ಎಂದು. ಬಹಳ ಹೊತ್ತು ಓಡಿಸಬೇಡಿ ಎಂಬ ಸೂಚನೆಯೂ ಸೇನೆಗೆ ಹೋಗಿತ್ತು. ಬಹಳ ಹೊತ್ತು ಎಂದರೆ ಎಷ್ಟು ಎಂದು ಯಾರೂ ಬರೆದಿರಲಿಲ್ಲ. ಯಂತ್ರವನ್ನು ಒಮ್ಮೆ ಆರಿಸಿ ಹಚ್ಚಿದ್ದರೆ ಸಾಕಿತ್ತು, ಎಣಿಕೆ ಸೊನ್ನೆಯಿಂದ ಶುರುವಾಗುತ್ತಿತ್ತು. ತಿದ್ದಿದ ಸಾಫ್ಟ್‌ವೇರ್ ದಹ್ರಾನ್ ತಲುಪಿದ್ದು 26ರಂದು, ಶವಗಳನ್ನು ಎಣಿಸುತ್ತಿದ್ದಾಗ.

ಈ ಎರಡು ಸಾವುಗಳ ನಡುವೆ 75 ವರ್ಷ ಇವೆ. ಒಂದು ಕಡೆ ಆರಿಸಿದ ದೀಪ, ಇನ್ನೊಂದು ಕಡೆ ಆರಿಸದ ಯಂತ್ರ. ಆದರೆ ಎರಡರಲ್ಲೂ ಹೋದವರು ಊರಿಂದ ಬಂದು ಇನ್ನೂ ಕೆಲಸಕ್ಕೆ ಕೈ ಹಚ್ಚದವರು. ಎಲ್ಲರನ್ನೂ ಒಂದೇ ಕಡೆ, ಒಂದೇ ಹಡಗಿನಲ್ಲಿ, ಒಂದೇ ಸೂರಿನಡಿ ಇಟ್ಟಿದ್ದರು. ಹೀಗೆ ಊರಿನವರನ್ನು ಒಟ್ಟಿಗೆ ಸೇರಿಸುವುದೇ ತಪ್ಪು, ಬೆರೆಸಿ ಕಳಿಸಬೇಕು ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಒಬ್ಬರ ಕೈ ಇನ್ನೊಬ್ಬರಿಗೆ ಗೊತ್ತಿದ್ದರೆ ಮಾತ್ರ ಆಗುವ ಕೆಲಸಗಳಿವೆ. 1940ರ ಮೇ ತಿಂಗಳಲ್ಲಿ ಜರ್ಮನರು ಹಾಲೆಂಡಿಗೂ ಬೆಲ್ಜಿಯಮ್ಮಿಗೂ ನುಗ್ಗಿದಾಗ, ಆಮ್‌ಸ್ಟರ್‌ಡ್ಯಾಮ್, ರಾಟರ್‌ಡ್ಯಾಮ್, ಆಂಟ್‌ವರ್ಪ್ ಬಂದರುಗಳ ತೈಲ ಶತ್ರುವಿನ ಕೈಸೇರದಂತೆ ಮಾಡಲು ಬ್ರಿಟನ್ ಕಳಿಸಿದ್ದು ಕಾಯಂ ಸೇನೆಯವರನ್ನಲ್ಲ, ಅದೇ ಕೆಂಟ್ ಪ್ರಾಂತ್ಯದ ಟೆರಿಟೋರಿಯಲ್ ಇಂಜಿನಿಯರ್‌ಗಳನ್ನು, ಕೆಂಟ್ ಫೋರ್ಟ್ರೆಸ್ ರಾಯಲ್ ಇಂಜಿನಿಯರ್ಸ್‌ನವರನ್ನು. ಅವರಲ್ಲಿ ಬಹಳ ಜನ ಥೇಮ್ಸ್ ದಂಡೆಯ ಸಿಮೆಂಟ್ ಕಾರ್ಖಾನೆಗಳಲ್ಲಿ ಜೊತೆಗೆ ದುಡಿದವರು. ಸಣ್ಣ ಸಣ್ಣ ತಂಡಗಳಾಗಿ ಒಡೆದು, ಬೇರೆ ಬೇರೆ ಬಂದರಿಗೆ ಹೋದರು. ಒಂದು ತಂಡಕ್ಕೆ ಏನಾದರೂ ಆದರೂ ಊರು ಪೂರ್ತಿ ಬರಿದಾಗದು. ಒಟ್ಟಿಗೆ ಬೆಳೆಸಿ, ಹೊತ್ತು ಬಂದಾಗ ಹಂಚಿ ಕಳಿಸುವುದು, 1915ರಲ್ಲಿಯೂ ಅಸಾಧ್ಯವಾಗಿರಲಿಲ್ಲ. ಕಂಪನಿಯೊಂದರಲ್ಲಿ ನಾಲ್ಕು ಸೆಕ್ಷನ್‌ಗಳಿರುತ್ತವೆ, ಎರಡು ರಾತ್ರಿ, ಎರಡು ಹಡಗು ಸಾಕಿತ್ತು. ಮುದ್ರೋಸಿನಲ್ಲಿ ಆ ಸಂಜೆ ಯಾರಾದರೂ ಒಬ್ಬರು ಇದನ್ನು ಯೋಚಿಸಬೇಕಾಗಿತ್ತು.

ಹೈತ್‌ನಿಂದ ಬದುಕಿಬಂದವರನ್ನು ಮನೆಗೆ ಕಳಿಸಲಿಲ್ಲ. ಹೊಸಬರನ್ನು ಸೇರಿಸಿಕೊಂಡು ಕಂಪನಿಯನ್ನು ಮತ್ತೆ ನಿಲ್ಲಿಸಿದರು, 1916ರಲ್ಲಿ ಅದು 29ನೇ ಡಿವಿಷನ್ನಿನೊಂದಿಗೆ ಫ್ರಾನ್ಸಿಗೆ ಹೋಯಿತು. ಸೋಮ್‌ನ ಮೊದಲ ದಿನ ಆ ಡಿವಿಷನ್ ಬೋಮಾಂ ಹ್ಯಾಮೆಲ್ ಹಳ್ಳಿಯ ಎದುರಿಗಿತ್ತು. 1917ರಲ್ಲಿ ಸೇನೆ ಎಲ್ಲ ಟೆರಿಟೋರಿಯಲ್ ಇಂಜಿನಿಯರ್ ಕಂಪನಿಗಳಿಗೂ ಹೊಸ ಸಂಖ್ಯೆ ಕೊಟ್ಟಿತು. 1/3 ಹೋಗಿ 497 ಆಯಿತು. ಹೆಲ್ಲೆಸ್ ಭೂಶಿರದ ತುದಿಯಲ್ಲಿ, ಗೋರಿ ಇಲ್ಲದವರಿಗಾಗಿ ನಿಲ್ಲಿಸಿದ ಎತ್ತರದ ಕಲ್ಲುಕಂಬದ ಸುತ್ತ, ಇಪ್ಪತ್ತು ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಕೆಂಟ್‌ನ ಆ ಕಸುಬುದಾರರು ಇಳಿಯಬೇಕಿದ್ದ ದಂಡೆ ಅಲ್ಲಿಂದ ಕಾಣುತ್ತದೆ.